ಹೊನ್ನಮ್ಮನವರ ಮನೆಯಲ್ಲಿ ಮುಳ್ಳು ನಿಂತ ದಿನ

ನನ್ನ ನೌಕರಿಯ ಬಹುಪಾಲು ಬೇರೆಯವರ ಬಚ್ಚಲುಮನೆಗಳಲ್ಲಿ ಕಳೆಯಿತು. ಹೀಗೆ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ಆದರೆ ಇದಕ್ಕಿಂತ ಸರಿಯಾಗಿ ಹೇಳುವುದು ನನಗೆ ಬರುವುದಿಲ್ಲ. ಪುರಸಭೆಯ ನೀರು ಸರಬರಾಜು ಶಾಖೆಯಲ್ಲಿ ನಾನು ಇನ್ಸ್‌ಪೆಕ್ಟರ್ ಆಗಿದ್ದೆ. ಹೆಸರು ರಂಗಪ್ಪ, ಜನರ ಬಾಯಲ್ಲಿ ನಲ್ಲಿ ಇನ್ಸ್‌ಪೆಕ್ಟರ್. ಹುಟ್ಟಿದ್ದು ಕಂದಿಕೆರೆಯಲ್ಲಿ, ದುಡಿದದ್ದೆಲ್ಲ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿನ ತೆಂಗಿನ ಸೀಮೆಯಲ್ಲೇ. ಮುಂದೆ ಹೇಳುವ ಸಂಗತಿ ನಡೆದ ಊರನ್ನು ಬೇಕೆಂದೇ ಹೆಸರಿಸುತ್ತಿಲ್ಲ. ಆ ಬೀದಿಯವರು ಓದಿದರೆ ಅವರಿಗೇ ಗೊತ್ತಾಗುತ್ತದೆ.

ಈಗ ಈ ಕೆಲಸಕ್ಕೆ ಸೇರುವವರಿಗೆ ಮೊದಲು ಹೇಳಬೇಕಾದದ್ದು, ನಮ್ಮ ಕೆಲಸ ಪೈಪು ನೋಡುವುದಲ್ಲ, ಕಾಯುವುದು. ಎಪ್ಪತ್ತರ ದಶಕದಲ್ಲಿ ಯಾರಾದರೂ ಹಳೇ ಮನೆ ಕೆಡವಿಸಿ ಹೊಸ ಬಚ್ಚಲು ಕಟ್ಟಿಸಿದರೆ, ಒಳಗೆ ಕೊಳಾಯಿ ಎಳೆಸಿದರೆ, ನಾವು ಹೋಗಿ ಪರೀಕ್ಷೆ ಮಾಡಿದ ಮೇಲೆಯೇ ಬೀದಿಯ ನೀರಿನ ಸಂಪರ್ಕ. ಮನೆಯೊಳಗಿನ ಪೈಪಿಗೆ ನೀರು ತುಂಬಿ, ಎರಡೂ ಬಾಯಿ ಮುಚ್ಚಿ, ಒಂದು ತುದಿಗೆ ಕೈಪಂಪು ಕಟ್ಟಿ ಒತ್ತಡ ಕೊಡುತ್ತಿದ್ದೆವು. ಪಂಪಿನ ಮೇಲೆ ಗಡಿಯಾರದಂತಹ ಗೇಜು, ಅದರಲ್ಲಿ ಒಂದು ಮುಳ್ಳು. ಅರ್ಧ ಗಂಟೆ ಆ ಮುಳ್ಳು ನಿಂತಲ್ಲೇ ನಿಂತರೆ ಪಾಸು. ಕೆಳಗೆ ಇಳಿದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ, ಫೇಲು. ಇಷ್ಟೇ ವಿದ್ಯೆ.

ಆದರೆ ಆ ಅರ್ಧ ಗಂಟೆ ನೀವು ಎಲ್ಲಿಗೂ ಹೋಗುವಂತಿಲ್ಲ. ಮನೆಯವರೂ ಎಲ್ಲಿಗೂ ಹೋಗುವುದಿಲ್ಲ. ಎಲ್ಲರೂ ಹಸೀ ಗಾರೆಯ ವಾಸನೆಯ ನಡುವೆ ನಿಂತು ಒಂದೇ ಮುಳ್ಳನ್ನು ನೋಡುತ್ತಿರುತ್ತಾರೆ. ಹಾಗೆ ನಿಂತಾಗ ಜನ ಮಾತಾಡದೆ ಇರಲಾರರು. ಮಗಳ ಗಂಡನ ಮುಂಗೋಪದಿಂದ ಹಿಡಿದು ನುಸಿ ಬಿದ್ದ ತೆಂಗಿನವರೆಗೆ ಎಲ್ಲವೂ ಆಚೆ ಬರುತ್ತದೆ. ಊರಿನ ಅರ್ಧ ಜನರ ಸುಖದುಃಖ ನನಗೆ ಗೊತ್ತಾದದ್ದು ಹೀಗೆ.

ಪಾಸಾಗಲು ಜನ ಏನೇನು ಮಾಡುತ್ತಿದ್ದರು ಎನ್ನುವುದಕ್ಕೆ ಒಂದನ್ನು ಹೇಳುತ್ತೇನೆ. ಶೆಟ್ಟಿಕೆರೆ ರಸ್ತೆಯ ಕಡೆ ಒಬ್ಬ ನಿವೃತ್ತ ಗುಮಾಸ್ತರು ಹೊಸ ಬಚ್ಚಲು ಕಟ್ಟಿಸಿ ಗೋಡೆಗೆ ಹಿತ್ತಾಳೆ ನಲ್ಲಿ ಹಾಕಿಸಿದ್ದರು. ಹಳೇ ಸಂಪರ್ಕದಿಂದ ಅಲ್ಲಿಗೆ ಪೈಪು ಎಳೆಯಬೇಕಾದವನು ಕೈ ಕೊಟ್ಟಿದ್ದ, ನಾನು ಬರುವ ದಿನ ಬಂದುಬಿಟ್ಟಿತ್ತು. ಹೋಗಿ ನಲ್ಲಿ ತಿರುಗಿಸಿದೆ. ನೀರು ದಂಡಿಯಾಗಿ ಬಂತು. ಕೈಯೊಡ್ಡಿದೆ, ನೀರು ಬೆಚ್ಚಗಿತ್ತು. "ಏನ್ ಸ್ವಾಮಿ, ಪುರಸಭೆಯವರು ಯಾವಾಗಿನಿಂದ ಬಿಸಿನೀರು ಬಿಡ್ತಿದ್ದಾರೆ?" ಎಂದೆ. ಅಷ್ಟರಲ್ಲಿ ಗೋಡೆಯ ಆಚೆ ಯಾರೋ ಜೋರಾಗಿ ಸೀನಿದರು. ಹೋಗಿ ನೋಡಿದರೆ ಅವರ ಬಾಮೈದ, ದಪ್ಪ ಮೀಸೆಯ ಗಟ್ಟಿ ಆಳು, ಗೋಡೆಯ ತೂತಿಗೆ ಆಲಿಕೆ ಸಿಕ್ಕಿಸಿಕೊಂಡು ಸ್ನಾನದ ಹಂಡೆಯಲ್ಲಿ ಉಳಿದಿದ್ದ ನೀರನ್ನು ಚೊಂಬಿನಲ್ಲಿ ಸುರಿಯುತ್ತಿದ್ದ. ನನ್ನನ್ನು ಕಂಡು ಚೊಂಬು ಹಿಡಿದೇ ಕೈಮುಗಿದ. ಗುಮಾಸ್ತರ ಹೆಂಡತಿ ನಕ್ಕು ನಕ್ಕು ಕಂಬ ಹಿಡಿದುಕೊಂಡರು. ಫೇಲು ಮಾಡಿದೆ, ಅವರೇ ಕೊಟ್ಟ ಕಾಫಿ ಕುಡಿದು ಬಂದೆ.

ನನಗೆ ಕೆಲಸ ಕಲಿಸಿದವರು ಓವರ್‌ಸಿಯರ್ ಪುಟ್ಟಸ್ವಾಮಯ್ಯನವರು. ತೆಳ್ಳಗೆ, ಎತ್ತರಕ್ಕೆ, ಬಿಳೀ ಪಂಚೆಯ ಮೇಲೆ ಕಪ್ಪು ಕೋಟು. ಅವರ ಹತ್ತಿರ ಸಾಗುವಾನಿಯ ಒಂದು ಕೋಲಿತ್ತು. ಅದರ ಒಂದು ತುದಿಯನ್ನು ಪೈಪಿಗೋ ನೆಲಕ್ಕೋ ಊರಿ ಇನ್ನೊಂದು ತುದಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ಸೋರಿಕೆ ಆಲಿಸುತ್ತಿದ್ದರು. ಬೀದಿಯಲ್ಲಿ ಹಾಗೆ ಬಗ್ಗಿ ನಿಂತಾಗ ಹೊರಗಿನವರು ಇವರಿಗೆ ಮೈಗೆ ಹುಷಾರಿಲ್ಲವೇನೋ ಎಂದು ಓಡಿ ಬರುತ್ತಿದ್ದದ್ದೂ ಉಂಟು. ಅವರು ರೇಗಿದ್ದನ್ನು ನಾನು ಕಂಡಿಲ್ಲ. ಆದರೆ ಎಂಬತ್ತರ ನಂತರ ಪ್ಲಾಸ್ಟಿಕ್ ಪೈಪು ಬಂದಾಗ ಮಾತ್ರ ಒಂದು ತುಂಡನ್ನು ನೆಲಕ್ಕಿಟ್ಟು ಅದರ ಮೇಲೆ ಎರಡೂ ಕಾಲಿಟ್ಟು ನಿಂತು, "ನಾನು ನಿಂತರೆ ಬಗ್ಗುತ್ತೆ ಕಣಯ್ಯ, ಇನ್ನು ಮನೆ ನಿಂತರೆ?" ಎಂದಿದ್ದರು. ಆಮೇಲೆ ತಮ್ಮ ಮನೆಗೂ ಅದನ್ನೇ ಹಾಕಿಸಿಕೊಂಡರು, ಅದು ಬೇರೆ ಮಾತು.

ಈಗ ಹೊನ್ನಮ್ಮನವರ ಮನೆಗೆ ಬರೋಣ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಒಂದೇ ಮನೆಯನ್ನು ಮರೆಯದೆ ಇಟ್ಟುಕೊಳ್ಳಬಹುದು ಎಂದರೆ ನಾನು ಈ ಮನೆಯನ್ನೇ ಆರಿಸುತ್ತೇನೆ.

ಹೊನ್ನಮ್ಮನವರಿಗೆ ಐವತ್ತೈದರ ಆಸುಪಾಸು. ಹಂದನಕೆರೆ ಹತ್ತಿರ ತೋಟ, ಊರಿನೊಳಗೆ ಹಳೇ ಕಾಲದ ಹೆಂಚಿನ ಮನೆ. ಯಜಮಾನರು ತೀರಿಕೊಂಡ ಮೇಲೆ ತೋಟವನ್ನು ಅವರೇ ನೋಡಿಕೊಳ್ಳುತ್ತಿದ್ದರು. "ಹೆಂಗಸು, ಕೊಬ್ಬರಿ ವ್ಯವಹಾರ ಏನು ಮಾಡಿಯಾಳು" ಎಂದು ನೆಂಟರು ಆಡಿಕೊಂಡಿದ್ದರಂತೆ. ಆ ವರ್ಷ ಅಟ್ಟದ ತುಂಬ ಇದ್ದದ್ದು ಅವರೇ ಮುಂದೆ ನಿಂತು ಕೀಳಿಸಿ, ಗಾಡಿಯಲ್ಲಿ ತರಿಸಿ ತುಂಬಿಸಿದ ಮೊದಲ ಫಸಲು. ನಮ್ಮ ಕಡೆ ಬಲಿತ ಕಾಯನ್ನು ಸಿಪ್ಪೆ ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ. ತಿಂಗಳುಗಟ್ಟಲೆ ಬೆಚ್ಚಗೆ ಕೂತು, ಒಳಗಿನ ನೀರು ಇಂಗಿ, ಅಲುಗಾಡಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಅದಕ್ಕೆ ತೇವ ಎಂದರೆ ಆಗದು. ಬೂಸಲು ಹಿಡಿದರೆ ವರ್ಷದ ಶ್ರಮವೆಲ್ಲ ತಿಪ್ಪೆಗೆ.

ಮನೆಯ ರಿಪೇರಿಗೆ ಕಾರಣ ಮಗಳು ಪಾರ್ವತಿ. ತುರುವೇಕೆರೆಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆ ಮನೆಯಲ್ಲಿ ನೀರೆಂದರೆ ಹಿತ್ತಲ ಬಾವಿ, ಸ್ನಾನವೆಂದರೆ ಹಿತ್ತಲ ಮೂಲೆಯ ಗರಿಯ ಮರೆ. "ನಾನು ಇವಳನ್ನ ಹೆತ್ತಾಗ ಸೋನೆ ಮಳೇಲಿ ಹಿತ್ತಲಿಗೆ ಹೋಗಿ ಬಂದು ಬಾಣಂತಿ ಸನ್ನಿ ಹಿಡಿಯೋದೊಂದು ಬಾಕಿ ಇತ್ತು ಕಣ್ರೀ. ನನ್ನ ಮಗಳಿಗೆ ಹಂಗಾಗಬಾರದು. ಸೂರಿನ ಕೆಳಗೇ ನೀರು ಬರ್ಬೇಕು" ಎಂದು ಹೊನ್ನಮ್ಮನವರು ಮೊದಲ ದಿನವೇ ನನಗೆ ಹೇಳಿದ್ದರು. ಅಡುಗೆಮನೆಯ ಹಿಂದಿನ ಪಡಸಾಲೆಯನ್ನು ಮುಚ್ಚಿ, ಒಳ್ಳೇ ಬಚ್ಚಲುಮನೆ ಕಟ್ಟಿಸಿ, ತಾಮ್ರದ ಹಂಡೆ ಹೂಡಿಸಿದ್ದರು. ಬೀದಿ ನೀರೊಂದು ಬರಬೇಕಿತ್ತು.

ಪೈಪಿನ ಕೆಲಸ ಬಾಷಾನದು. ಪೇಟೆಯಲ್ಲಿ ಸೈಕಲ್ ರಿಪೇರಿಯಿಂದ ಶುರುಮಾಡಿ ಪಂಪು, ಪೈಪು ಎಲ್ಲ ಕಲಿತ ಮನುಷ್ಯ. ಕಬ್ಬಿಣದ ಪೈಪಿಗೆ ತಿರುಪಿನ ಥ್ರೆಡ್ ಕೊಯ್ದು, ಸಣಬಿನ ನಾರು ಸುತ್ತಿ, ಸಫೇದ ಎಂಬ ಬಿಳೀ ಲೇಪ ಬಳಿದು ಅವನು ಬಿಗಿದ ಜಾಯಿಂಟು ಸೋರಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಈ ಮನೆಯಲ್ಲಿ ಅವನಿಗೆ ತೊಡಕಿದ್ದದ್ದು ದಾರಿಯದು. ಎರಡೂ ಪಕ್ಕ ಬೇರೆ ಮನೆಗಳ ಗೋಡೆ ಕೂಡಿಕೊಂಡಿತ್ತು, ಹೊರಗಿನಿಂದ ಪೈಪು ತರಲು ಸಂದಿಯಿಲ್ಲ. ನಡುಮನೆಯ ಕಡಪ ಕಲ್ಲುಗಳನ್ನು ಅಲುಗಿಸಲು ಹೊನ್ನಮ್ಮನವರು ಒಪ್ಪಲಿಲ್ಲ, ಅವು ಯಜಮಾನರು ಹಾಸಿಸಿದ್ದು. ಕೊನೆಗೆ ಬೀದಿ ಗೋಡೆಯಿಂದ ಮೇಲೇರಿಸಿ, ಅಟ್ಟದ ಹಲಗೆಯ ಮೇಲೆ ಹಾಯಿಸಿ, ಹಿಂದೆ ಬಚ್ಚಲಿಗೆ ಇಳಿಸಿದ್ದ.

ಮೊದಲ ಪರೀಕ್ಷೆಗೆ ನಾನು ಹೋದದ್ದು ಒಂದು ಬೆಳಿಗ್ಗೆ. ಪಂಪು ಹೊಡೆದು ಮುಳ್ಳನ್ನು ಏರಿಸಿ ನಿಂತೆ. ಪಾರ್ವತಿ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಮುಳ್ಳು ಇಳಿಯತೊಡಗಿತು. ಬಿಸಿಲಿಗೆ ಮೈ ಕಾಯಿಸುವ ಓತಿಕ್ಯಾತದ ಹಾಗೆ, ನೋಡುತ್ತಿದ್ದರೆ ಅಲುಗುವುದಿಲ್ಲ, ಕಣ್ಣು ತೆಗೆದು ನೋಡಿದರೆ ಜಾಗ ಬದಲಾಗಿರುತ್ತದೆ.

"ಸೋರ್ತಿದೆ ಬಾಷಾ" ಎಂದೆ.

"ಅರೆ, ಪೈಪು ಸೋರ್ತಾ ಇಲ್ಲ ಸಾರ್. ನಿಮ್ಮ ಗೇಜೇ ಸೋರ್ತಾ ಐತೆ!"

ಅವನ ಸಮಾಧಾನಕ್ಕೆ ಗೇಜನ್ನು ಬಿಚ್ಚಿ, ಬಾಯಿ ಮುಚ್ಚಿದ ಒಂದು ತುಂಡು ಪೈಪಿಗೆ ಕಟ್ಟಿ ತೋರಿಸಿದೆ. ಮುಳ್ಳು ಕಲ್ಲಿನಂತೆ ನಿಂತಿತು. ಬಾಷಾನ ಮುಖ ಸಣ್ಣದಾಯಿತು. ಆಮೇಲೆ ಅವನು ಕಣ್ಣಿಗೆ ಕಾಣುವ ಪ್ರತಿ ಜಾಯಿಂಟನ್ನೂ ಬಿಚ್ಚಿ ಹೊಸದಾಗಿ ಬಿಗಿದ. ದಿನವೂ ಬಾವಿ ನೀರು ತುಂಬಿ, ಪಂಪು ಹೊಡೆದು, ಕೈಗೆ ಸಿಗುವ ಪೈಪಿನುದ್ದಕ್ಕೂ ಬೆರಳಾಡಿಸಿ ಹುಡುಕಿದ. ಎಲ್ಲೂ ಒಂದು ಹನಿ ಇಲ್ಲ. ಎರಡನೇ ಸಲ ನಾನು ಹೋದಾಗಲೂ ಮುಳ್ಳು ಹಾಗೆಯೇ ಇಳಿಯಿತು.

ಹೊನ್ನಮ್ಮನವರ ತಾಳ್ಮೆ ಮುಗಿಯಿತು. "ನೋಡಿ ಇನ್ಸ್‌ಪೆಟ್ರೇ, ಮಗಳಿಗೆ ದಿನ ತುಂಬ್ತಾ ಬಂತು. ಒಂಚೂರು ಸೋರಿದ್ರೆ ನಮ್ಮನೇಲಿ ತಾನೆ ಸೋರೋದು? ನಿಮ್ಮ ಗಂಟೇನು ಹೋಯ್ತದೆ? ಸೈನ್ ಹಾಕ್‌ಬುಡಿ."

"ಸೋರೋದು ಅಟ್ಟದಲ್ಲಾದ್ರೆ, ಅಮ್ಮಾ? ನಿಮ್ಮ ಕೊಬ್ಬರಿ ಗತಿ?"

ಅವರು ನಡುಮನೆಯ ಸೂರಿನತ್ತ ಕೈ ತೋರಿಸಿ, "ಅಟ್ಟದಲ್ಲಿ ಸೋರಿದ್ರೆ ಹಲಗೆ ಸಂದೀಲಿ ಕೆಳಕ್ಕೆ ಹನಿ ಬೀಳ್ಬೇಕಲ್ಲ? ಎಲ್ಲೈತೆ ಹನಿ, ತೋರಿಸಿ ಮತ್ತೆ" ಎಂದರು. ನೀರು ಹೋಗುತ್ತಿದೆ, ಎಲ್ಲಿಗೂ ಬೀಳುತ್ತಿಲ್ಲ. ಮಾರನೇ ದಿನ ಪುಟ್ಟಸ್ವಾಮಯ್ಯನವರನ್ನು ಕರೆದುಕೊಂಡು ಹೋದೆ.

ಅವರು ಮೊದಲು ಹೊನ್ನಮ್ಮನವರು ಕೊಟ್ಟ ಮಜ್ಜಿಗೆ ಕುಡಿದರು. ಬಾಷಾನಿಗೆ ಪಂಪು ಹೊಡೆಯುತ್ತಲೇ ಇರಲು ಹೇಳಿ, ಏಣಿ ಹತ್ತಿ ಅಟ್ಟದ ಬಾಯಲ್ಲಿ ಕಾಣುತ್ತಿದ್ದ ಪೈಪಿಗೆ ಕೋಲು ಊರಿ ಕಿವಿಕೊಟ್ಟರು. ಕೆಳಗಿಳಿದು ಸ್ಟೂಲಿನ ಮೇಲೆ ನಿಂತು ನಡುಮನೆಯ ಹಲಗೆಗಳಿಗೆ ಅಲ್ಲಲ್ಲಿ ಊರಿ ಆಲಿಸಿದರು. ಕೊನೆಗೆ ಸರಿಯಾಗಿ ನಡುಮನೆಯ ಮಧ್ಯದಲ್ಲಿ ಕೋಲು ನಿಲ್ಲಿಸಿದರು.

"ಇಲ್ಲೇ ಮೇಲೆ ಹಾವು ಬುಸುಗುಟ್ಟಿದ ಹಾಗೆ ಕೇಳ್ತಿದೆ. ಕಾಯಿ ಸಿಪ್ಪೆ ನೀರು ಕುಡೀತಿದೆ ತಾಯಿ. ಅದಕ್ಕೇ ಕೆಳಗೆ ಹನಿ ಇಲ್ಲ. ಅಟ್ಟ ಖಾಲಿ ಮಾಡಿಸಿ ನೋಡಬೇಕು."

ಹೊನ್ನಮ್ಮನವರು ಏಣಿಗೆ ಅಡ್ಡ ನಿಂತರು. "ಆಗಾಕಿಲ್ಲ. ಅಟ್ಟಕ್ಕೇರಿದ ಕಾಯಿ ಕೊಬ್ರಿ ಆಗೋಗಂಟ ಇಳಿಯಂಗಿಲ್ಲ ಅಂತ ನಮ್ಮ ಯಜಮಾನ್ರು ಕಟ್ಟು ಮಾಡಿದ್ರು. ಒಂದ್ ಸಲಾನೂ ಇಳಿಸಿದವರಲ್ಲ. ನಾನ್ ನೋಡ್ಕೊಂಡ ಮೊದಲ್ನೇ ವರ್ಷವೇ ಅರೆಬರೆ ಕಾಯಿ ಬೀದಿಗೆ ತಂದ್ರೆ ನೆಂಟರಿಷ್ಟರು ಏನಂದಾರು? ಹೊನ್ನಮ್ಮನ ಕೈಲಿ ಆಗ್ಲಿಲ್ಲ ಅಂತಾರೆ. ನಿಮ್ಮ ನೀರೇ ಬ್ಯಾಡ, ಹೋಗಿ."

ಪುಟ್ಟಸ್ವಾಮಯ್ಯನವರು ತಲೆ ತಗ್ಗಿಸಿದರು. ಬಾಷಾ ಪಂಪಿನ ಹಿಡಿಕೆ ಬಿಟ್ಟ. ನಾನು ಗೇಜನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದೆ.

ಆಗ ಪಾರ್ವತಿ ಕುರ್ಚಿಯಿಂದ ಎದ್ದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನೇರ ಏಣಿಯ ಹತ್ತಿರ ಬಂದು ಅಮ್ಮನ ಪಕ್ಕದಿಂದ ಕೈ ಚಾಚಿ ಏಣಿ ಹಿಡಿದು, ಮೊದಲ ಮೆಟ್ಟಿಲಿಗೆ ಒಂದು ಕಾಲಿಟ್ಟಳು.

"ಏನೇ ಇದು?" ಎಂದರು ಹೊನ್ನಮ್ಮನವರು.

"ಅವ್ವಾ, ಕಾಯಿ ನೀನ್ ಇಳಿಸ್ತೀಯೋ, ನಾನೇ ಹತ್ತಿ ಇಳಿಸ್ಲೋ? ಅಪ್ಪನ ಮಾತು ಅಪ್ಪನ ಕಾಲಕ್ಕೆ. ಅಪ್ಪನ ಕಾಲದಲ್ಲಿ ಅಟ್ಟದಲ್ಲಿ ಪೈಪಿತ್ತಾ?" ಎನ್ನುತ್ತ ಎರಡನೇ ಮೆಟ್ಟಿಲ ಕಡೆ ನೋಡಿದಳು.

"ಇಳಿಯೇ! ಅಯ್ಯೋ, ಇಳಿಯೇ ನಮ್ಮವ್ವ! ಇಳಿಸ್ತೀನಿ ಕಣೇ, ಎಲ್ಲಾ ಇಳಿಸ್ತೀನಿ, ಮನೇನೇ ಬೇಕಾದ್ರೆ ಇಳಿಸ್ತೀನಿ, ನೀನ್ ಕಾಲ್ ತೆಗಿ!" ಎಂದು ಹೊನ್ನಮ್ಮನವರು ಮಗಳನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು. ಪಾರ್ವತಿ ಗೆದ್ದ ನಗು ನಗುತ್ತ ಮತ್ತೆ ಕುರ್ಚಿಗೆ ಬಂದಳು. ಪುಟ್ಟಸ್ವಾಮಯ್ಯನವರು ನನ್ನ ಕಿವಿಯಲ್ಲಿ, "ಈ ಹುಡುಗೀನ ನಮ್ಮ ಆಫೀಸಿಗೆ ತಗೊಂಡಿದ್ರೆ ಚೆನ್ನಾಗಿತ್ತು ಕಣಯ್ಯ" ಎಂದರು.

ಆ ಮಧ್ಯಾಹ್ನ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಹಗುರಾಗುತ್ತದೆ. ಬಾಷಾ ಅಟ್ಟ ಹತ್ತಿದ. ಏಣಿಯ ನಡುವೆ ನಾನು. ಕೆಳಗೆ ಹೊನ್ನಮ್ಮನವರು ಕಾಯಿ ಹಿಡಿದು ಹೊರಗೆ ಒಯ್ಯತೊಡಗಿದರು. ಎದುರುಮನೆಯ ಟೈಲರ್ ತನ್ನ ಮಿಷನ್ನು ನಿಲ್ಲಿಸಿ, ಅಳತೆ ಟೇಪನ್ನು ಕೊರಳಲ್ಲೇ ಬಿಟ್ಟುಕೊಂಡು ಬಂದು ಸಾಲಿನಲ್ಲಿ ನಿಂತ. ಪಕ್ಕದ ಮನೆಯ ಹೆಂಗಸರು ಬಂದರು. ಬಾಷಾನ ಹೆಂಡತಿ ಹಸೀನಾ ಗಂಡನಿಗೆ ಬುತ್ತಿ ತಂದವಳು ಬುತ್ತಿಯನ್ನು ಜಗಲಿಯ ಮೇಲಿಟ್ಟು ಟೈಲರನ ಪಕ್ಕ ಸೇರಿಕೊಂಡಳು. ಅಟ್ಟದಿಂದ ಏಣಿ, ಏಣಿಯಿಂದ ನಡುಮನೆ, ನಡುಮನೆಯಿಂದ ಜಗಲಿ, ಕೈಯಿಂದ ಕೈಗೆ ಕಾಯಿ ಹರಿಯಿತು. ಒಬ್ಬರು ಕೈ ತಪ್ಪಿಸಿದರೆ ಸಾಲಿಗೆ ಸಾಲೇ ಕೂಗುತ್ತಿತ್ತು.

"ಮೆಲ್ಲಗೆ ಕಣ್ರೀ, ಅದೇನ್ ರಬ್ಬರ್ ಚೆಂಡಲ್ಲ!" ಎಂದು ಹೊನ್ನಮ್ಮನವರು ಗದರುತ್ತಿದ್ದರು. ಪಾರ್ವತಿ ಕುರ್ಚಿಯಲ್ಲಿ ಕೂತು ಬಂದ ಕಾಯನ್ನೊಂದೊಂದಾಗಿ ಕಿವಿಯ ಹತ್ತಿರ ಅಲುಗಾಡಿಸಿ, "ಇದು ಮಾತಾಡ್ತೈತೆ, ಇದು ಇನ್ನೂ ಮೂಕ" ಎಂದು ಬೇರೆ ಬೇರೆ ಗುಡ್ಡೆಗೆ ಕಳಿಸುತ್ತಿದ್ದಳು. ಮೈತುಂಬ ದೂಳು, ಜೇಡರ ಬಲೆ ಮೆತ್ತಿಕೊಂಡು ನಾವು ಯಾರೆಂದು ನಮಗೇ ಗುರುತು ಸಿಗುವಂತಿರಲಿಲ್ಲ. ಹೊನ್ನಮ್ಮನವರು ಯಾವುದಕ್ಕೆ ಹೆದರಿದ್ದರೋ ಅದು ಆಗಲೇ ಇಲ್ಲ. ದಾರಿಹೋಕರು ನಿಂತು ಜಗಲಿಯ ಮೇಲೆ ಏರುತ್ತಿದ್ದ ರಾಶಿ ನೋಡಿ, "ಏನ್ ಫಸಲು ಹೊನ್ನಮ್ಮಾರೇ! ಇಷ್ಟೊಂದು ಯಾವಾಗ ತುಂಬ್ಸಿದ್ರಿ?" ಎಂದು ಬೆರಗಾದರು. ಅಟ್ಟದ ಕತ್ತಲಲ್ಲಿದ್ದುದರಿಂದ ಆ ಫಸಲನ್ನು ಅಲ್ಲಿಯವರೆಗೆ ಬೀದಿಯವರಾರೂ ಪೂರ್ತಿ ಕಂಡಿರಲೇ ಇಲ್ಲ. ಆಮೇಲಾಮೇಲೆ ಹೊನ್ನಮ್ಮನವರು ಗದರುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಎಲ್ಲರಿಗೂ ಬೆಲ್ಲ, ನೀರು ಕೊಡುತ್ತ ಓಡಾಡಿದರು.

ಅಟ್ಟ ಅರ್ಧ ಖಾಲಿಯಾಗಿದ್ದಾಗ ಬಾಷಾ ಮೇಲಿನಿಂದ, "ಸಾರ್! ಇದು ಹಿಡೀರಿ!" ಎಂದು ಒಂದು ಕಾಯಿ ಕೊಟ್ಟ. ಅದು ಕೈಗೆ ಬಂದೊಡನೆ ನನ್ನ ಮೊಣಕೈ ಕೆಳಗಿಳಿಯಿತು. ಸಿಪ್ಪೆ ನೆನೆದು ಕಲ್ಲಿನಷ್ಟು ಭಾರ. ಅದರ ಸುತ್ತ ಅಂಥವೇ ಇನ್ನಷ್ಟು. ಒಟ್ಟು ಎರಡು ಬುಟ್ಟಿಯಷ್ಟು ಇರಬಹುದು. ಉಳಿದವುಗಳ ಸಿಪ್ಪೆಗೆ ತೇವ ತಾಕಿರಲಿಲ್ಲ.

ನಾನೂ ಮೇಲೆ ಹತ್ತಿ ನೋಡಿದೆ. ಬಾಷಾ ಪೈಪು ಹಾಕಿದ ಮೇಲೆ ತೋಟದಿಂದ ಕೊನೆಯ ಗಾಡಿ ಬಂದಿತ್ತು. ಆಳುಗಳು ಕಾಯಿಗಳನ್ನು ಪೈಪಿನ ಮೇಲೆಯೇ ಎಸೆದು ಒಟ್ಟಿದ್ದರು. ಭಾರಕ್ಕೆ ಪೈಪು ಬಗ್ಗಿ, ಜಾಯಿಂಟಿನ ಹತ್ತಿರ ಥ್ರೆಡ್ ಕೊಯ್ದ ಜಾಗದಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಪಂಪು ಹೊಡೆದರೆ ಅಲ್ಲಿಂದ ಮಂಜಿನಂತೆ ನೀರು ಚಿಮ್ಮುತ್ತಿತ್ತು.

ಬಾಷಾ ಅಟ್ಟದ ಬಾಯಿಯಲ್ಲಿ ಬಗ್ಗಿ ಇಡೀ ಬೀದಿಗೆ ಕೇಳುವಂತೆ ಸಾರಿದ. "ನನ್ನ ಜಾಯಿಂಟ್ ಸೋರಿಲ್ಲ! ಕೇಳಿಸ್ತಾ ಎಲ್ಲಾರ್ಗೂ? ಪೈಪು ಬಿಟ್ಟೈತೆ, ಜಾಯಿಂಟ್ ಬಿಟ್ಟಿಲ್ಲ! ತಪ್ಪು ನಂದಲ್ಲ, ಕಾಯಿದು!"

"ಕಾಯಿಗೆ ಬೈಬ್ಯಾಡ ಕಣಪ್ಪ" ಎಂದರು ಹೊನ್ನಮ್ಮನವರು. ಆಮೇಲೆ ಏನೋ ನೆನಪಾದಂತೆ ಬಾಯಿಗೆ ಸೆರಗು ಒತ್ತಿಕೊಂಡರು. "ಒಂದ್ ಅಂಗುಲಾನೂ ಜಾಗ ಬುಡದಂಗೆ ತುಂಬ್ರಲಾ ಅಂತ ಆಳುಗಳಿಗೆ ಹೇಳ್ದೋಳು ನಾನೇಯ!" ಎಂದು ನಗತೊಡಗಿದರು. ಅವರು ನಕ್ಕದ್ದೇ ಎಲ್ಲರಿಗೂ ನಗು ಬಂತು. ಹಸೀನಾ ಗಂಡನಿಗೆ, "ಇಳೀರಿ, ಮೊದ್ಲು ಊಟ ಮಾಡಿ, ಆಮೇಲೆ ಭಾಷಣ ಮಾಡೀರಂತೆ" ಎಂದಳು. ಜಗಲಿಯ ಮೇಲೆ ಕಾಯಿ ರಾಶಿಯ ನಡುವೆ ಜಾಗ ಮಾಡಿಕೊಂಡು ಹೊನ್ನಮ್ಮನವರ ಮನೆಯ ಮುದ್ದೆ ಸಾರು, ಹಸೀನಾ ತಂದ ಬುತ್ತಿ ಎಲ್ಲವನ್ನೂ ಹಂಚಿಕೊಂಡು ತಿಂದೆವು.

ಬಾಷಾ ಆ ತುಂಡನ್ನು ತೆಗೆದು ಹೊಸದು ಹಾಕಿದ. ಪೈಪನ್ನು ಹಲಗೆಯ ಮೇಲೆ ಬಿಡದೆ, ಗೋಡೆಗೆ ಕಬ್ಬಿಣದ ಹಿಡಿಗಳನ್ನು ಹೊಡೆದು ಕಾಯಿ ಮುಟ್ಟದಷ್ಟು ಎತ್ತರಕ್ಕೆ ಕೂರಿಸಿದ. ಇದರಿಂದ ನಾನು ಕಲಿತದ್ದನ್ನು ಈಗಿನವರಿಗೂ ಹೇಳುತ್ತೇನೆ: ಪೈಪು ನೋಡುವಾಗ ಪೈಪನ್ನು ಮಾತ್ರ ನೋಡಬೇಡಿ. ನಾಳೆ ಅದರ ಮೇಲೆ ಆ ಮನೆಯವರು ಏನು ಒಟ್ಟುತ್ತಾರೆ, ಏನು ನೇತುಹಾಕುತ್ತಾರೆ, ಕೇಳಿ ತಿಳಿದುಕೊಳ್ಳಿ. ನಮ್ಮ ಸೀಮೆಯಲ್ಲಿ ಅಟ್ಟ ಎಂದರೆ ಕಾಯಿ.

ಮೂರನೇ ಪರೀಕ್ಷೆಗೆ ನಾನು ಹೋದಾಗ ಹೊತ್ತು ನೆತ್ತಿಗೇರಿತ್ತು. ಪಾರ್ವತಿ ಅಂದು ಕುರ್ಚಿಯಲ್ಲಿ ಇರಲಿಲ್ಲ. ಒಳಕೋಣೆಯಲ್ಲಿ ಮಲಗಿದ್ದಾಳೆ ಎಂದರು. ಬಾಷಾನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಪಂಪು ಹೊಡೆದೆ, ಮುಳ್ಳು ಏರಿತು. ಸ್ವಲ್ಪ ಹೊತ್ತಿನಲ್ಲೇ ಕೋಣೆಯಿಂದ ಹೊನ್ನಮ್ಮನವರ ಕೂಗು ಕೇಳಿತು. "ಅಯ್ಯೋ, ಬೆಳಗಿಂದ ನೋವು ತಿಂತಾ ಇದ್ಯೇನೇ? ಒಂದ್ ಮಾತು ಹೇಳ್ಬಾರ್ದಾ?"

"ಹೇಳಿದ್ರೆ ನೀನು ಇನ್ಸ್‌ಪೆಟ್ರನ್ನ ವಾಪಸ್ ಕಳಿಸಿರ್ತಿದ್ದೆ" ಎಂದಳು ಪಾರ್ವತಿ.

ಹೊನ್ನಮ್ಮನವರು ಬಿರುಗಾಳಿಯಂತೆ ಬಚ್ಚಲಿಗೆ ಬಂದರು. "ಏನ್ರೀ, ಇಬ್ಬರು ಗಂಡಸರು ಗೊಂಬೆ ಥರ ಆ ಮುಳ್ಳು ನೋಡ್ತಾ ನಿಂತಿದ್ದೀರಿ! ನರ್ಸಮ್ಮನ್ನ ಕರ್ಕೊಂಡ್ ಬರ್ರೀ!"

ಬಾಷಾ ರೆಂಚು ಬಿಸಾಕಿ ಸೈಕಲ್ ಹತ್ತಿದ. ನಾನೂ ಚಪ್ಪಲಿ ಮೆಟ್ಟಿ ಹೊರಟೆ. ಕೋಣೆಯ ಬಾಗಿಲ ಹಿಂದಿನಿಂದ ಪಾರ್ವತಿಯ ದನಿ ನನ್ನನ್ನು ನಿಲ್ಲಿಸಿತು.

"ಇನ್ಸ್‌ಪೆಟ್ರಣ್ಣಾ, ನೀವ್ ಹೋಗ್ಬ್ಯಾಡಿ. ನೀವ್ ಮುಳ್ಳು ನೋಡ್ಕಳಿ. ನಾನ್ ಇದು ನೋಡ್ಕತೀನಿ."

ಹಿಂದಕ್ಕೆ ಹೋಗಿ ಗೇಜಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ನನ್ನ ಹೆಂಡತಿಯ ಹೆರಿಗೆಯಲ್ಲೂ ನಾನು ಅಷ್ಟು ಬೆವರಿರಲಿಲ್ಲ. ನೋವು ಬಂದಾಗ ಪಾರ್ವತಿ ನರಳುತ್ತಿದ್ದಳು, ನೋವು ಬಿಟ್ಟಾಗ ಕೂಗುತ್ತಿದ್ದಳು.

"ಎಲ್ಲೈತಣ್ಣಾ ಮುಳ್ಳು?"

"ಅಲ್ಲೇ ಐತೆ ಕಣವ್ವಾ!"

"ಇಳೀತಾ?"

"ಕೂದಲೆಳೆಯಷ್ಟೂ ಇಳಿದಿಲ್ಲ!"

ನರ್ಸಮ್ಮ ಬಾಷಾನ ಸೈಕಲ್ಲಿನ ಕ್ಯಾರಿಯರ್ ಮೇಲೆ, ಚೀಲವನ್ನು ಅಪ್ಪಿಕೊಂಡು ಬಂದಿಳಿದರು. ಒಳಗೆ ಹೋದವರೇ, "ಇನ್ನೂ ಹೊತ್ತಿದೆ, ಗಾಬರಿ ಏನಿಲ್ಲ. ಬಿಸಿನೀರು ಕಾಯಿಸಿಡಿ" ಎಂದು ಹೊರಗೆ ಮುಖ ಹಾಕಿ, ನನ್ನನ್ನು ಕಂಡು, "ನೀವ್ಯಾರು?" ಎಂದರು. "ನಲ್ಲಿ ಇನ್ಸ್‌ಪೆಕ್ಟರ್" ಎಂದೆ. ಅವರು ತಟ್ಟನೆ ಬಾಗಿಲು ಹಾಕಿಕೊಂಡರು.

ಅರ್ಧ ಗಂಟೆ ಕಳೆಯಿತು. ಮುಳ್ಳು ನಿಂತಲ್ಲೇ ನಿಂತಿತ್ತು. "ಪಾಸ್!" ಎಂದು ನಾನು ಕೂಗಿದ್ದು ಸರ್ಕಾರಿ ನೌಕರ ಕೂಗುವ ಹಾಗಿರಲಿಲ್ಲ. ಬಾಷಾ ನನ್ನನ್ನು ಅಪ್ಪಿಕೊಂಡ. ಅವನ ಅಂಗಿಯ ಸಫೇದ ನನ್ನ ಅಂಗಿಗೆಲ್ಲ ಮೆತ್ತಿತು. ಮುಚ್ಚಿದ ಬಾಗಿಲ ಹಿಂದೆ ಪಾರ್ವತಿ ನೋವಿನಲ್ಲೂ ನಕ್ಕದ್ದು ಕೇಳಿಸಿತು.

ಆ ಬೀದಿಗೆ ನೀರು ಬಿಡುವ ಸರದಿ ಮಾರನೇ ಬೆಳಿಗ್ಗೆ. ನಾನು ಬೀದಿಯ ಪೈಪಿಗೆ ಜೋಡಣೆ ಮಾಡಿಸಲು ಆಳುಗಳನ್ನು ಹಚ್ಚಿ, ಪುಟ್ಟಸ್ವಾಮಯ್ಯನವರ ಬಳಿಗೆ ಓಡಿ ವಿಷಯ ಹೇಳಿದೆ. ಸರದಿ ತಪ್ಪಿಸುವುದನ್ನು ಎಂದೂ ಒಪ್ಪದ ಮನುಷ್ಯ ಅವರು. ಕನ್ನಡಕ ತೆಗೆದು ಒರೆಸಿದರು. "ರಂಗಪ್ಪ, ಹೊಸ ಜೋಡಣೆ ಅಂದ ಮೇಲೆ ಬೀದಿ ಪೈಪು ತೊಳೀಬೇಕಲ್ಲವೇನಯ್ಯ?" ಎಂದರು. ನೀರು ಬಿಡುವ ನೀರುಗಂಟಿಯನ್ನು ಕರೆದು, "ಆ ಬೀದಿ ವಾಲ್ವು ಪೂರ್ತಿ ತಿರುಗಿಸು. ಚೆನ್ನಾಗಿ ತೊಳೀಲಿ" ಎಂದು ಅಪ್ಪಣೆ ಮಾಡಿ, ಕೋಟು ಹಾಕಿಕೊಂಡು ನನ್ನ ಜೊತೆಗೇ ಹೊರಟರು.

ಸಂಜೆಯ ಬಿಸಿಲು ಇನ್ನೂ ಹೆಂಚಿನ ಮೇಲಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಬೀದಿ ನಲ್ಲಿಯಲ್ಲಿ ನೀರು ಬಂದದ್ದನ್ನು ಮೊದಲು ಕಂಡವನು ಟೈಲರ್. ಅವನು ಕೂಗಿದ್ದೇ ತಡ, ಕಾಯಿ ಸಾಗಿಸಿದ ಹೆಂಗಸರೆಲ್ಲ ಕೊಡ ಹಿಡಿದು ಆಚೆ ಬಂದರು. ನಾವು ಹೊನ್ನಮ್ಮನವರ ಬಚ್ಚಲಿಗೆ ಬಂದು ಹೊಸ ನಲ್ಲಿ ತಿರುಗಿಸಿ ಕಾದೆವು. ಮೊದಲು ಪೈಪಿನಲ್ಲಿದ್ದ ಗಾಳಿ. ನಲ್ಲಿ ಕೆಮ್ಮಿತು, ಸೀನಿತು, ಗೊರಗೊರ ಎಂದಿತು, ಮತ್ತೆ ಸುಮ್ಮನಾಯಿತು. ಪುಟ್ಟಸ್ವಾಮಯ್ಯನವರು ಬಗ್ಗಿ ಕಿವಿಗೊಟ್ಟರು. ಒಳಕೋಣೆಯಲ್ಲೂ ಒಂದು ಗಳಿಗೆ ಎಲ್ಲ ನಿಶ್ಶಬ್ದವಾಯಿತು.

ಆಮೇಲೆ ಆ ಕಡೆಯೂ ಈ ಕಡೆಯೂ ಒಟ್ಟಿಗೆ ಸದ್ದು. ನಲ್ಲಿ ಒಮ್ಮೆ ಅರಚಿಕೊಂಡು ನೀರು ಹಂಡೆಗೆ ಧುಮುಕಿ, ಪುಟ್ಟಸ್ವಾಮಯ್ಯನವರ ಕೋಟು ತೋಯ್ದುಹೋಯಿತು. ಹೊನ್ನಮ್ಮನವರು ಬಾಗಿಲು ತೆರೆದು, ತಲೆಗೂದಲು ಕೆದರಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಬಂತು! ಬಂತು ಕಣ್ರೋ!" ಎಂದು ಕೂಗಿದರು.

ಜಗಲಿಯ ಮೇಲಿದ್ದ ಬಾಷಾ ಒಳಗೆ ಓಡಿಬಂದು, "ಏನಮ್ಮಾ ಬಂತು? ನೀರಾ, ಮಗೂನಾ?" ಎಂದು ಕೇಳಿದ.

ಹೊನ್ನಮ್ಮನವರು ಅವನ ಕೈಗೆ ಒಂದು ಬಿಂದಿಗೆ ಹಿಡಿಸಿದರು. "ಎರಡೂ ಬಂದ್ವು ಕಣಪ್ಪ. ಹೆಣ್ಣು ಕೂಸು. ಹಿಡಿ, ಹಿಡಿ, ನೀರು ತುಂಬು!"